ಚೀಸಿನ ಲೆಕ್ಕದಲ್ಲಿ ಸಿಕ್ಕಿದ ಭಾಷೆ

ಕೆಟ್ಟ ಲ್ಯಾಟಿನ್ ಎಂದು ಪಂಡಿತರು ಮೂಗು ಮುರಿದ ಮಾತು ಇಂದು ಸುಮಾರು 50 ಕೋಟಿ ಜನರ ತಾಯ್ನುಡಿ. ಸ್ಪ್ಯಾನಿಷನ್ನು ಹಡಗು ಹತ್ತಿಸಿದ್ದು ಸಾಮ್ರಾಜ್ಯ. ಮನೆಮನೆಗೆ ಮುಟ್ಟಿಸಿದ್ದು ಆ ಸಾಮ್ರಾಜ್ಯವನ್ನು ಹೊರದಬ್ಬಿದವರು!

ಉತ್ತರ ಸ್ಪೇನಿನ ಲಿಯೋನ್ ನಗರದ ಕೆಥೆಡ್ರಲ್‌ನ ದಫ್ತರದಲ್ಲಿ ಸಾವಿರ ವರ್ಷ ದಾಟಿದ ಒಂದು ಚರ್ಮಪತ್ರವಿದೆ. ಅದರ ಮುಂಬದಿಯಲ್ಲಿರುವುದು ಕ್ರಿ.ಶ. 959ರ ದಾನಪತ್ರ; ದಾನಪತ್ರಕ್ಕೆ ತಕ್ಕ ಗಂಭೀರ ಲ್ಯಾಟಿನ್‌ನಲ್ಲಿದೆ. ಹಿಂಬದಿಯ ಖಾಲಿ ಜಾಗವನ್ನು ಹಾಳುಗೆಡವಲು ಮನಸ್ಸಾಗದೆ, ಸುಮಾರು ಇಪ್ಪತ್ತು ವರ್ಷಗಳ ಬಳಿಕ, ಅದೇ ಸೀಮೆಯ ಮಠದವರು ಅಲ್ಲಿ ಉಗ್ರಾಣದ ಲೆಕ್ಕ ಗೀಚಿದ್ದಾರೆ: ಸೆಮೆನೊ ಎಂಬ ಸನ್ಯಾಸಿ ಯಾವ ಕೆಲಸಕ್ಕೆ ಎಷ್ಟು ಚೀಸ್ ಖರ್ಚು ಹಾಕಿದ ಎಂಬ ಪಟ್ಟಿ ಅದು. ಸಾನ್ ಹುಸ್ತೊ ಬಳಿಯ ದ್ರಾಕ್ಷಿ ತೋಟದಲ್ಲಿ ದುಡಿದವರಿಗೆ ಐದು, ದೊಡ್ಡ ತೋಟಕ್ಕೆ ಎರಡು, ರಾಜನು ಊರಿಗೆ ಬಂದಾಗ ಒದಗಿಸಿದ್ದು ಬೇರೆ.

ಲೆಕ್ಕ ಬರೆದ ಕೈ ತಾನು ಲ್ಯಾಟಿನ್ ಬರೆಯುತ್ತಿದ್ದೇನೆಂದೇ ತಿಳಿದಿದ್ದೀತು. ಆದರೆ ಲ್ಯಾಟಿನ್‌ನ ‘ಕಾಸೆಯುಸ್’ ಅಲ್ಲಿ ‘ಕೇಸೊ’ ಆಗಿದೆ, ಇಂದಿಗೂ ಸ್ಪೇನಿನ ಅಂಗಡಿಯಲ್ಲಿ ಚೀಸ್ ಕೇಳುವವರ ಬಾಯಲ್ಲಿರುವುದು ಇದೇ ಪದ. ನಾಮಪದದ ಕೊನೆಗೆ ಹತ್ತಿಕೊಂಡು ಬರಬೇಕಿದ್ದ ವಿಭಕ್ತಿ ಪ್ರತ್ಯಯಗಳು ಉದುರಿಹೋಗಿವೆ. ‘ಆ’ ಎಂದು ಬೊಟ್ಟು ಮಾಡಿ ತೋರಿಸುತ್ತಿದ್ದ ‘ಇಲ್ಲೆ’ ಎಂಬ ಸರ್ವನಾಮವು ಸವೆದು, ಹೆಸರುಗಳ ಮುಂದೆ ಇಂಗ್ಲಿಷಿನ ‘ದಿ’ಯಂತೆ ಬಂದು ಕುಳಿತಿದೆ. ಒಂದೇ ತೊಗಲಿನ ಮುಂಬದಿಯಲ್ಲಿ ಗ್ರಂಥಸ್ಥ ಭಾಷೆಯೂ ಹಿಂಬದಿಯಲ್ಲಿ ಬಾಯಿಮಾತೂ ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ. ದಾನದ ಪ್ರಶಸ್ತಿಯನ್ನು ಸಂಸ್ಕೃತದಲ್ಲಿ ಕೊರೆಸಿ, ಗದ್ದೆಯ ಎಲ್ಲೆಕಟ್ಟನ್ನು ಹೇಳುವಾಗ ಕನ್ನಡಕ್ಕೆ ಇಳಿಯುವ ತಾಮ್ರಶಾಸನಗಳನ್ನು ಬಲ್ಲವರಿಗೆ ಈ ಏರ್ಪಾಡು ಅಪರಿಚಿತವೆನಿಸದು.

ಸ್ಪ್ಯಾನಿಷ್ ಹುಟ್ಟಿದ ಊರು ಯಾವುದೆಂಬ ವಾದ ಸ್ಪೇನಿನಲ್ಲಿ ಇಂದಿಗೂ ಬಿಸಿಯಾಗಿಯೇ ಇದೆ. ಲಾ ರಿಯೋಹಾ ಪ್ರಾಂತ್ಯದವರು ಸಾನ್ ಮಿಯಾನ್ ಮಠದ ಲ್ಯಾಟಿನ್ ಹಸ್ತಪ್ರತಿಯ ಅಂಚಿನಲ್ಲಿ, ಕಷ್ಟದ ಪದಗಳಿಗೆ ಅರ್ಥ ಹೇಳಲು ಬರೆದ ಟಿಪ್ಪಣಿಗಳನ್ನು ಮುಂದೊಡ್ಡುತ್ತಾರೆ. ಬುರ್ಗೋಸ್‌ನವರು ವಾಲ್‌ಪುಯೆಸ್ತಾ ಮಠದ ಇನ್ನೂ ಹಳೆಯ ದಾಖಲೆಗಳನ್ನು ತೋರಿಸುತ್ತಾರೆ. ಚೀಸಿನ ಲೆಕ್ಕವು ನಿಜವಾಗಿ ಸ್ಪ್ಯಾನಿಷಿನ ದಾಯಾದಿಯಾದ ಲಿಯೋನ್ ಸೀಮೆಯ ನುಡಿಗೆ ಹೆಚ್ಚು ಹತ್ತಿರವಾದದ್ದು. ಜನನ ಪತ್ರ ಹುಡುಕುವ ಈ ಹಟವೇ ಸ್ವಲ್ಪ ವಿಚಿತ್ರ, ಏಕೆಂದರೆ ಲ್ಯಾಟಿನ್ ಆಡುವುದನ್ನು ನಿಲ್ಲಿಸಿ ಸ್ಪ್ಯಾನಿಷ್ ಆಡತೊಡಗಿದ ತಲೆಮಾರು ಎಂಬುದೊಂದು ಎಂದೂ ಇರಲಿಲ್ಲ.

ವಾದ ಊರಿನ ಬಗ್ಗೆ ಮಾತ್ರವಲ್ಲ, ದಿನದ ಬಗ್ಗೆಯೂ ಇದೆ. ವಿಶ್ವಸಂಸ್ಥೆಯು ಸ್ಪ್ಯಾನಿಷ್ ಭಾಷಾ ದಿನವನ್ನು ಮೊದಲು ಅಕ್ಟೋಬರ್ 12ಕ್ಕೆ, ಎಂದರೆ ಕೊಲಂಬಸ್ ಅಮೆರಿಕದ ನೆಲ ಮುಟ್ಟಿದ ದಿನಕ್ಕೆ ಗೊತ್ತುಪಡಿಸಿ, ಬಳಿಕ ‘ಡಾನ್ ಕ್ವಿಕ್ಸೋಟ್’ ಬರೆದ ಸೆರ್ವಾಂತೆಸ್‌ನನ್ನು ಸ್ಮರಿಸುವ ಏಪ್ರಿಲ್ 23ಕ್ಕೆ ಸರಿಸಿತು. ದಂಡನಾಯಕರಿಂದ ಸಾಹಿತಿಯ ಕೈಗೆ ಒಂದು ಭಾಷೆಯ ಹಬ್ಬವನ್ನು ಒಪ್ಪಿಸಿದಂತೆ ಕಾಣುವ ಈ ಬದಲಾವಣೆಯ ಹಿಂದೆ ಎರಡು ಸಾಮ್ರಾಜ್ಯಗಳ ಕಥೆಯಿದೆ.

ದಂಡಿನ ಬೆನ್ನಿಗೆ ಬಂದ ಮಾತು

ಮೊದಲನೆಯ ಸಾಮ್ರಾಜ್ಯ ರೋಮ್. ಕ್ರಿ.ಪೂ. 218ರಲ್ಲಿ, ಆಲ್ಪ್ಸ್ ದಾಟಿ ಇಟಲಿಗೆ ನುಗ್ಗುತ್ತಿದ್ದ ಕಾರ್ಥೇಜಿನ ಸೇನಾಪತಿ ಹ್ಯಾನಿಬಾಲನಿಗೆ ಹಿಂದಿನಿಂದ ಸಿಗುತ್ತಿದ್ದ ದಂಡು ಮತ್ತು ದವಸವನ್ನು ಕಡಿದುಹಾಕುವುದಕ್ಕಾಗಿ ರೋಮನ್ ಸೇನೆಯು ಇಂದಿನ ಸ್ಪೇನ್, ಪೋರ್ಚುಗಲ್‌ಗಳಿರುವ ಐಬೀರಿಯಾದ ಈಶಾನ್ಯ ಕರಾವಳಿಯ ಎಂಪೋರಿಯಾನ್ ಬಂದರಿನಲ್ಲಿ ಇಳಿಯಿತು. ಬಂದ ಕೆಲಸ ಮುಗಿದ ಮೇಲೂ ಅದು ಮರಳಲಿಲ್ಲ. ಇಂದಿನ ಫ್ರಾನ್ಸಿನ ಸೀಮೆಯಾದ ಗಾಲ್ ದೇಶವನ್ನು ಸೀಸರನು ಹತ್ತು ವರ್ಷದೊಳಗೆ ಗೆದ್ದರೆ, ಐಬೀರಿಯಾವನ್ನು ಪೂರ್ತಿಯಾಗಿ ಹತೋಟಿಗೆ ತರಲು ರೋಮ್‌ಗೆ ಕ್ರಿ.ಪೂ. 19ರವರೆಗೆ, ಎಂದರೆ ಸುಮಾರು ಇನ್ನೂರು ವರ್ಷ ಹಿಡಿಯಿತು.

ಆ ಪರ್ಯಾಯ ದ್ವೀಪದಲ್ಲಿ ಆಗ ಐಬೀರಿಯನ್, ಕೆಲ್ಟಿಬೀರಿಯನ್, ಲುಸಿಟೇನಿಯನ್ ಮುಂತಾಗಿ ಹಲವು ಭಾಷೆಗಳಿದ್ದವು. ಅವನ್ನು ಬಿಡಿಸಿ ಲ್ಯಾಟಿನ್ ಕಲಿಸಬೇಕೆಂಬ ರಾಜಾಜ್ಞೆ ಯಾವುದೂ ರೋಮಿನಿಂದ ಹೊರಡಲಿಲ್ಲ. ಹೊರಡುವ ಅಗತ್ಯವೂ ಇರಲಿಲ್ಲ. ನಿವೃತ್ತ ಸೈನಿಕರಿಗೆ ಜಮೀನು ಕೊಟ್ಟು ನೆಲೆಗೊಳಿಸಿದ ವಸಾಹತುಗಳು, ದಂಡು ನಡೆಯಲೆಂದು ಹಾಸಿ ವ್ಯಾಪಾರಿಗಳಿಗೂ ಒದಗಿದ ಕಲ್ಲುದಾರಿಗಳು, ಲ್ಯಾಟಿನ್‌ನಲ್ಲೇ ನಡೆಯುವ ನ್ಯಾಯಾಲಯ, ಪೌರತ್ವದ ಆಸೆ ಇವೆಲ್ಲ ಸೇರಿ ಸ್ಥಳೀಯ ಮುಖಂಡರು ತಾವಾಗಿಯೇ ಮಕ್ಕಳಿಗೆ ಲ್ಯಾಟಿನ್ ಕಲಿಸುವಂತೆ ಮಾಡಿದವು. ವಸಾಹತುಗಳ ಹೆಸರು ಇಂದಿಗೂ ಉಳಿದಿವೆ: ಸೇವೆ ಮುಗಿಸಿದ ಸೈನಿಕರ ‘ಎಮೆರಿಟಾ’ ಮೇರಿದಾ ಆಯಿತು, ಸೀಸರ್ ಅಗಸ್ಟಸ್‌ನ ಹೆಸರು ಹೊತ್ತ ‘ಸೀಸರಾಗಸ್ಟಾ’ ಸವೆದು ಸರಗೋಸಾ ಆಯಿತು, ಲೀಜನ್ ಎಂಬ ಸೇನಾ ತುಕಡಿಯ ಬೀಡು ಲಿಯೋನ್ ಆಯಿತು.

ಫಲವು ಬೇಗ ಕಾಣಿಸಿತು. ತತ್ತ್ವಜ್ಞಾನಿ ಸೆನೆಕಾ ಕೊರ್ದೊಬಾ ಊರಿನವನು, ರೋಮನರಿಗೇ ಭಾಷಣಕಲೆ ಕಲಿಸಿದ ಕ್ವಿಂಟಿಲಿಯನ್ ಕಲಹೋರ್ರಾದವನು, ಕ್ರಿ.ಶ. 98ರಲ್ಲಿ ಚಕ್ರವರ್ತಿಯಾದ ಟ್ರೇಜನ್ ಇಟಾಲಿಕಾದವನು. ಹಳೆಯ ಭಾಷೆಗಳಲ್ಲಿ ಬದುಕಿ ಉಳಿದದ್ದು ಪಿರನೀಸ್ ಬೆಟ್ಟಗಳ ಮಗ್ಗುಲಿನ ಬಾಸ್ಕ್ ಒಂದೇ. ಅದಕ್ಕೆ ಜಗತ್ತಿನ ಬೇರಾವ ಭಾಷೆಯೊಂದಿಗೂ ನಂಟು ಸಾಬೀತಾಗಿಲ್ಲ.

ತಪ್ಪುಗಳ ಗೆಲುವು

ಹೀಗೆ ಬೇರೂರಿದ ಲ್ಯಾಟಿನ್, ರೋಮಿನ ಹೆಸರಾಂತ ವಾಗ್ಮಿ ಸಿಸೆರೊ ಬರೆದ ಲ್ಯಾಟಿನ್ ಅಲ್ಲ. ಪಾಳೆಯದಲ್ಲಿ, ಸಂತೆಯಲ್ಲಿ, ಅಡುಗೆಮನೆಯಲ್ಲಿ ಆಡುತ್ತಿದ್ದ ಅದರ ರೂಪವನ್ನು ವಿದ್ವಾಂಸರು ‘ವಲ್ಗರ್ ಲ್ಯಾಟಿನ್’ ಎನ್ನುತ್ತಾರೆ. ‘ವಲ್ಗಸ್’ ಎಂದರೆ ಜನಸಾಮಾನ್ಯರು, ಆದುದರಿಂದ ಇಲ್ಲಿ ಅಶ್ಲೀಲದ ಅರ್ಥವಿಲ್ಲ. ಕಾವ್ಯದಲ್ಲಿ ಕುದುರೆಗೆ ‘ಎಕ್ವುಸ್’ ಎಂಬ ಘನವಾದ ಹೆಸರಿದ್ದರೂ ಜನರು ಹೊರೆ ಹೊರುವ ತಟ್ಟುವಿನ ಹೆಸರಾದ ‘ಕಬಾಲುಸ್’ ಅನ್ನೇ ಬಳಸುತ್ತಿದ್ದರು; ಸ್ಪ್ಯಾನಿಷಿನ ಗಂಡುಕುದುರೆ ‘ಕಬಾಯೊ’ ಆದದ್ದು ಅದರಿಂದ. ಆದರೆ ಹೆಣ್ಣುಕುದುರೆ ಮಾತ್ರ ಕುಲೀನ ಮೂಲವನ್ನು ಬಿಡದೆ ‘ಎಕ್ವಾ’ದಿಂದ ‘ಯೇಗ್ವಾ’ ಆಗಿ ಉಳಿದಿದೆ. ಮಾತಾಡುವುದಕ್ಕೆ ಪಂಡಿತರ ಕ್ರಿಯಾಪದ ಒಂದಿದ್ದರೆ, ಜನರದ್ದು ಹರಟೆ ಹೊಡೆಯುವ ಅರ್ಥದ ‘ಫಾಬುಲಾರಿ’. ಇಂದು ಸ್ಪ್ಯಾನಿಷ್ ‘ಮಾತಾಡು’ವುದು ಅದೇ ಪದದ ಸವೆದ ರೂಪವಾದ ‘ಅಬ್ಲಾರ್’ನಿಂದ.

ಈ ಸವೆತವನ್ನು ತಡೆಯಲು ಹೊರಟ ಯಾರೋ ಒಬ್ಬ ಮೇಷ್ಟರ ಪಟ್ಟಿಯೊಂದು ‘ಅಪೆಂಡಿಕ್ಸ್ ಪ್ರೋಬಿ’ ಎಂಬ ಹೆಸರಿನಲ್ಲಿ ಉಳಿದುಬಂದಿದೆ. ‘ಇದು ಸರಿ, ಅದು ತಪ್ಪು’ ಎಂಬ ಮಾದರಿಯಲ್ಲಿ 227 ಸಾಲುಗಳಲ್ಲಿ ಅದು ಉಚ್ಚಾರವನ್ನು ತಿದ್ದುತ್ತದೆ: ಕನ್ನಡಿಗೆ ‘ಸ್ಪೆಕುಲುಂ’ ಅನ್ನಬೇಕು, ‘ಸ್ಪೆಕ್ಲುಂ’ ಸಲ್ಲದು, ಹಸಿರಿಗೆ ‘ವಿರಿದಿಸ್’, ‘ವಿರ್ದಿಸ್’ ಅಲ್ಲ, ಕಿವಿಗೆ ‘ಔರಿಸ್’, ‘ಒರಿಕ್ಲಾ’ ಅಲ್ಲ. ಸ್ಪ್ಯಾನಿಷಿನಲ್ಲಿ ಇಂದು ಕನ್ನಡಿಗೆ ‘ಎಸ್ಪೇಹೊ’, ಹಸಿರಿಗೆ ‘ವೆರ್ದೆ’, ಕಿವಿಗೆ ‘ಒರೇಹಾ’ ಎನ್ನುತ್ತಾರೆ, ಮೂರೂ ತಪ್ಪೆಂದು ಹೊಡೆದುಹಾಕಿದ ರೂಪಗಳಿಂದಲೇ ಬಂದವು! ಭಾಷೆಯ ಇತಿಹಾಸಕಾರರಿಗೆ ಮೇಷ್ಟರ ಸಿಟ್ಟಿನಷ್ಟು ಉಪಕಾರ ಮಾಡಿದ ಸಾಧನ ಮತ್ತೊಂದಿಲ್ಲ, ಏಕೆಂದರೆ ಯಾರೂ ಆಡದ ತಪ್ಪನ್ನು ಯಾರೂ ತಿದ್ದುವುದಿಲ್ಲ.

ಬದಲಾವಣೆಗಳು ಅಡ್ಡಾದಿಡ್ಡಿಯಾಗಿ ನಡೆಯಲಿಲ್ಲ. ಪ್ರತಿಯೊಂದಕ್ಕೂ ಒಂದು ಜಾಡಿತ್ತು. ಒತ್ತುಬಿದ್ದ ಹ್ರಸ್ವ ‘ಒ’ ಒಡೆದು ‘ಉಎ’ ಆದುದರಿಂದ ಬಾಗಿಲು ‘ಪೋರ್ತಾ’ ಇದ್ದದ್ದು ‘ಪುಯೆರ್ತಾ’ ಆಯಿತು. ‘ಕ್ತ’ ಎಂಬ ಒತ್ತಕ್ಷರ ‘ಚ’ ಆದುದರಿಂದ ರಾತ್ರಿ ‘ನೋಕ್ತೆ’ಯಿಂದ ‘ನೋಚೆ’ಗೆ, ಎಂಟು ‘ಒಕ್ತೊ’ದಿಂದ ‘ಒಚೊ’ಗೆ, ಹಾಲು ‘ಲಾಕ್ತೆ’ಯಿಂದ ‘ಲೇಚೆ’ಗೆ ಬಂದವು. ಆರು ವಿಭಕ್ತಿಗಳ ಕೆಲಸವನ್ನು ನಾಮಪದದ ಮುಂದೆ ಬರುವ ಪುಟ್ಟ ಅವ್ಯಯಗಳು ವಹಿಸಿಕೊಂಡವು. ಭವಿಷ್ಯತ್ಕಾಲವಂತೂ ಹೊಸದಾಗಿಯೇ ಹುಟ್ಟಿತು: ‘ಹಾಡುವುದು ನನಗಿದೆ’ ಎಂಬರ್ಥದ ‘ಕಾಂತಾರೆ ಹಾಬೆಯೊ’ ಎಂಬ ಎರಡು ಪದಗಳು ಬೆಸೆದು ‘ಕಾಂತಾರೇ’ ಎಂಬ ಒಂದೇ ಪದವಾದವು.

---

‘ಪಾಲು’ ‘ಹಾಲು’ ಆದಂತೆ

ಲ್ಯಾಟಿನ್ ಪದದ ಮೊದಲಿನ ‘ಫ’ಕಾರ ಸ್ಪ್ಯಾನಿಷಿನಲ್ಲಿ ಮೊದಲು ‘ಹ’ ಆಗಿ, ಆಮೇಲೆ ಮಾಯವಾಯಿತು. ಹಿಟ್ಟು ‘ಫರೀನಾ’ ಇದ್ದದ್ದು ‘ಅರೀನಾ’, ಹೊಗೆ ‘ಫೂಮುಸ್’ ಇದ್ದದ್ದು ‘ಉಮೊ’, ಇರುವೆ ‘ಫೋರ್ಮೀಕಾ’ ಇದ್ದದ್ದು ‘ಒರ್ಮೀಗಾ’. ಬರವಣಿಗೆಯಲ್ಲಿ ಮಾತ್ರ ‘ಹ’ದ ಅಕ್ಷರ ಈಗಲೂ ಉಳಿದಿದೆ.

ಹಳಗನ್ನಡದ ‘ಪಾಲ್’, ‘ಪುಲಿ’, ‘ಪೆಸರ್’ ಹೊಸಗನ್ನಡದಲ್ಲಿ ಹಾಲು, ಹುಲಿ, ಹೆಸರು ಆಗಿ, ಹಳೇ ಮೈಸೂರಿನ ಹಳ್ಳಿಗಳಲ್ಲಿ ‘ಆಲು’, ‘ಉಲಿ’, ‘ಎಸ್ರು’ ಆದದ್ದು ಬಹುಮಟ್ಟಿಗೆ ಇದೇ ದಾರಿ. ಸ್ಪ್ಯಾನಿಷಿನ ಬದಲಾವಣೆಗೆ ‘ಫ’ ಇಲ್ಲದ ಬಾಸ್ಕ್ ಭಾಷಿಕರ ನೆರೆಯೇ ಕಾರಣವೆಂದು ವಿದ್ವಾಂಸ ಮೆನೆಂದೆಸ್ ಪಿದಾಲ್ ವಾದಿಸಿದ್ದರು; ತಾನಾಗಿಯೇ ಆಗಬಹುದಾದ ಬದಲಾವಣೆ ಅದೆಂದು ಇತರರು ಹೇಳುತ್ತಾರೆ. ಕನ್ನಡಕ್ಕಂತೂ ಬಾಸ್ಕ್ ನೆರೆ ಇರಲಿಲ್ಲ.

---

ಮರ ಲ್ಯಾಟಿನ್, ಕಾಯಿ ಅರಬ್ಬಿ

ರೋಮ್ ಕುಸಿದ ಮೇಲೆ ಬಂದು ಆಳಿದ ವಿಸಿಗೋಥ್ ಎಂಬ ಜರ್ಮಾನಿಕ್ ಮೂಲದ ಜನರು ತಾವೇ ಲ್ಯಾಟಿನ್‌ಗೆ ಒಗ್ಗಿಹೋಗಿ, ರೊದ್ರಿಗೊ, ಫೆರ್ನಾಂದೊ, ಆಲ್ವರೊ ಮೊದಲಾದ ಹೆಸರುಗಳನ್ನೂ ಕೈಬೆರಳೆಣಿಕೆಯ ಪದಗಳನ್ನೂ ಬಿಟ್ಟುಹೋದರು. ಆಳವಾದ ಗುರುತು ಮಾಡಿದ್ದು ಕ್ರಿ.ಶ. 711ರಲ್ಲಿ ತಾರಿಕ್ ಇಬ್ನ್ ಜಿಯಾದನು ಜಲಸಂಧಿ ದಾಟಿ ಇಳಿದಂದಿನಿಂದ ಸುಮಾರು ಎಂಟುನೂರು ವರ್ಷ ಆ ನೆಲದ ಒಂದಲ್ಲ ಒಂದು ಭಾಗದಲ್ಲಿದ್ದ ಅರಬ್ಬಿ. ಅವನು ಇಳಿದ ಬೆಟ್ಟಕ್ಕೆ ಬಿದ್ದ ‘ಜಬಲ್ ತಾರಿಕ್’ ಎಂಬ ಹೆಸರೇ ಇಂದಿನ ಜಿಬ್ರಾಲ್ಟರ್.

ಅರಬ್ಬಿ ಭಾಷೆಯ ‘ಅಲ್’ ಎಂಬ ನಿರ್ದೇಶಕವು ಪದಕ್ಕೆ ಅಂಟಿಕೊಂಡೇ ಸ್ಪ್ಯಾನಿಷಿಗೆ ಬಂತು. ಹತ್ತಿ ‘ಅಲ್ಗೊದೋನ್’, ಸಕ್ಕರೆ ‘ಅಸೂಕರ್’, ಅಕ್ಕಿ ‘ಅರ್ರೋಸ್’, ನೀರ್ಗಾಲುವೆ ‘ಅಸೇಕಿಯಾ’, ಊರಿನ ಮುಖ್ಯಾಧಿಕಾರಿ ‘ಅಲ್ಕಾಲ್ದೆ’. ಈ ಕೊನೆಯದು ಕನ್ನಡಕ್ಕೆ ಪಾರಸಿಯ ಮೂಲಕ ಬಂದ ಖಾಜಿಯೇ ಹೊರತು ಬೇರೆಯಲ್ಲ. ಎಣ್ಣೆಗೆ ಲ್ಯಾಟಿನ್‌ನ ‘ಓಲೆಯುಂ’ ಇದ್ದರೂ ಅಡುಗೆಮನೆಯನ್ನು ಅರಬ್ಬಿಯ ‘ಅಸೇತೆ’ ಆಕ್ರಮಿಸಿತು. ಇದರಿಂದಾಗಿ, ಆಲಿವ್ ಮರದ ಹೆಸರು ‘ಒಲೀವೊ’ ಎಂದು ಲ್ಯಾಟಿನ್ ಆಗಿಯೂ ಅದೇ ಮರದಲ್ಲಿ ಬಿಡುವ ಕಾಯಿಯ ಹೆಸರು ‘ಅಸೇತೂನಾ’ ಎಂದು ಅರಬ್ಬಿಯಾಗಿಯೂ ನಿಂತುಬಿಟ್ಟವು. ಪದಗಳು ಬಂದದ್ದು ಕತ್ತಿಯ ಮೊನೆಯಲ್ಲಿ ಅಲ್ಲ, ತೋಟಗಾರಿಕೆ, ನೀರಾವರಿ, ತೆರಿಗೆ, ಗಣಿತ, ಅಡುಗೆ ಇವುಗಳೊಡನೆ ಎಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ.

ಈ ದಾರಿಯಲ್ಲಿ ಭಾರತದ ಸರಕೂ ಸಾಗಿದೆ. ಸಂಸ್ಕೃತದ ಶರ್ಕರಾ ಪಾರಸಿ, ಅರಬ್ಬಿಗಳನ್ನು ದಾಟಿ ‘ಅಸೂಕರ್’ ಆಯಿತು. ಅದೇ ಮೂಲ ಪ್ರಾಕೃತದ ಮೂಲಕ ಇತ್ತ ಕನ್ನಡದಲ್ಲಿ ಸಕ್ಕರೆಯಾಗಿದೆ. ಚತುರಂಗವು ‘ಶತ್ರಂಜ್’ ಆಗಿ, ಕೊನೆಗೆ ‘ಅಹೆದ್ರೆಸ್’ ಆಗಿ ಗುರುತು ಸಿಗದಷ್ಟು ಬದಲಾಯಿತು. ಕಿತ್ತಳೆಗೆ ಸ್ಪ್ಯಾನಿಷರು ‘ನರಾಂಹಾ’ ಎನ್ನುವಾಗ ನಾರಂಗದ ನೆನಪಾಗದೆ ಇರದು.

ಚದುರಂಗದ ಬಗ್ಗೆ 1283ರಲ್ಲಿ ಗ್ರಂಥ ಬರೆಯಿಸಿದ ದೊರೆಯೇ ಸ್ಪ್ಯಾನಿಷನ್ನು ಮಠದ ಉಗ್ರಾಣದಿಂದ ರಾಜಸಭೆಗೆ ತಂದವನು. ಕಸ್ತೀಲಿಯಾ ಎಂಬುದು ಕೋಟೆಗಳ ನಾಡು, ‘ಕಸ್ತೇಲಾ’ ಎಂದರೆ ಕೋಟೆಗಳು. ಅದರ ದೊರೆ ಹತ್ತನೆಯ ಅಲ್ಫೋನ್ಸೊ 1252ರಿಂದ 1284ರವರೆಗೆ ಆಳಿದ. ಟೊಲೇಡೊ ನಗರದಲ್ಲಿ ಯಹೂದಿ, ಮುಸ್ಲಿಂ, ಕ್ರೈಸ್ತ ವಿದ್ವಾಂಸರನ್ನು ಕೂಡಿಸಿ ಅರಬ್ಬಿಯ ಖಗೋಳ, ಜ್ಯೋತಿಷ, ಕಥೆಗಳನ್ನು ಅನುವಾದ ಮಾಡಿಸಿದ ಅವನು, ಅವು ಲ್ಯಾಟಿನ್‌ಗಲ್ಲದೆ ತನ್ನ ನಾಡಿನ ಆಡುನುಡಿಗೇ ಬರಬೇಕೆಂದು ಹಿಡಿದ ಹಟದಿಂದ, ‘ಕಸ್ತೆಯಾನೊ’ ಎಂಬ ಪ್ರಾಂತ್ಯದ ನುಡಿ ಕಾನೂನಿಗೂ ಇತಿಹಾಸಕ್ಕೂ ಶಾಸ್ತ್ರಕ್ಕೂ ಒದಗುವ ಭಾಷೆಯಾಯಿತು. ಲ್ಯಾಟಿನ್ ಅಮೆರಿಕದ ಹಲವೆಡೆ ಜನರು ತಮ್ಮ ಭಾಷೆಯನ್ನು ‘ಸ್ಪ್ಯಾನಿಷ್’ ಎನ್ನದೆ ಇಂದಿಗೂ ‘ಕಸ್ತೆಯಾನೊ’ ಎನ್ನುತ್ತಾರೆ. ಸ್ಪೇನಿನ 1978ರ ಸಂವಿಧಾನದಲ್ಲೂ ಅದೇ ಹೆಸರಿದೆ.

ಒಂದೇ ವರ್ಷದ ನಾಲ್ಕು ದಿನಾಂಕಗಳು

1492ರ ಜನವರಿ 2ರಂದು ಐಬೀರಿಯಾದ ಕೊನೆಯ ಮುಸ್ಲಿಂ ರಾಜ್ಯ ಗ್ರನಾಡಾ ಶರಣಾಯಿತು. ಮಾರ್ಚ್ 31ರಂದು ಯಹೂದಿಗಳನ್ನು ದೇಶದಿಂದ ಹೊರಹಾಕುವ ಆಜ್ಞೆ ಹೊರಟಿತು. ಆಗಸ್ಟ್ 18ರಂದು ಸಲಮಾಂಕಾದಲ್ಲಿ ಆಂತೋನಿಯೊ ದೆ ನೆಬ್ರಿಹಾ ಬರೆದ ಕಸ್ತೆಯಾನೊ ವ್ಯಾಕರಣ ಅಚ್ಚಾಗಿ ಹೊರಬಂತು. ಅಕ್ಟೋಬರ್ 12ರಂದು ಕೊಲಂಬಸ್ ಕೆರಿಬಿಯನ್ ದ್ವೀಪವೊಂದರಲ್ಲಿ ಇಳಿದ.

ಮಾತೃಭಾಷೆಗೆ ವ್ಯಾಕರಣವೇಕೆಂದು ರಾಣಿ ಇಸಬೆಲಾ ಕೇಳಿದಾಗ, ಬಿಷಪ್ ಒಬ್ಬರು ನೆಬ್ರಿಹಾನ ಪರವಾಗಿ ಉತ್ತರಿಸಿ, ಗೆದ್ದ ಜನರಿಗೆ ಗೆದ್ದವರ ಕಾನೂನು ತಿಳಿಯಬೇಕಾದರೆ ಗೆದ್ದವರ ಭಾಷೆ ಬರಬೇಕಲ್ಲವೇ ಎಂದರೆಂದು ಆ ಗ್ರಂಥದ ಮುನ್ನುಡಿಯಲ್ಲಿದೆ. ಭಾಷೆಯು ಸಾಮ್ರಾಜ್ಯದ ಸಂಗಾತಿ ಎಂಬ ನೆಬ್ರಿಹಾನ ಮಾತು ಅಂದಿನಿಂದ ವಸಾಹತುಶಾಹಿಯ ಮೂಲಮಂತ್ರವೆಂಬಂತೆ ಉದ್ಧೃತವಾಗುತ್ತ ಬಂದಿದೆ. ಆದರೆ ವಾಸ್ತವವು ಇಷ್ಟು ನೇರವಾಗಿಲ್ಲ. ಆ ವ್ಯಾಕರಣ ಬರೆದಾಗ ಅಮೆರಿಕದ ಸುದ್ದಿಯೇ ಯಾರಿಗೂ ಇರಲಿಲ್ಲ, ಮುಂದೆ ಹದಿನೆಂಟನೆಯ ಶತಮಾನದವರೆಗೆ ಅದು ಮರುಮುದ್ರಣವನ್ನೂ ಕಾಣಲಿಲ್ಲ. ಅಮೆರಿಕಕ್ಕೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅವನದೇ ಲ್ಯಾಟಿನ್ ವ್ಯಾಕರಣ, ಅದೂ ಸ್ಪ್ಯಾನಿಷ್ ಕಲಿಸುವುದಕ್ಕಲ್ಲ. ಆ ಸಂಗತಿ ಮುಂದೆ ಬರುತ್ತದೆ.

ಹೊರಹಾಕಲ್ಪಟ್ಟ ಯಹೂದಿಗಳು ಇಸ್ತಾಂಬುಲ್, ಸಲೋನಿಕಾಗಳಿಗೆ ಒಯ್ದ ಸ್ಪ್ಯಾನಿಷ್ ಲದೀನೊ ಎಂಬ ಹೆಸರಿನಲ್ಲಿ ಶತಮಾನಗಳ ಕಾಲ ಉಳಿಯಿತು. ಸ್ಪೇನಿನಲ್ಲಿ ಹದಿನಾರು-ಹದಿನೇಳನೆಯ ಶತಮಾನಗಳಲ್ಲಿ ‘ಶ’ಕಾರವು ಗಂಟಲಿನ ‘ಖ’ದಂಥ ಧ್ವನಿಯಾಗಿ ಬದಲಾದರೂ ಲದೀನೊ ಹಳೆಯ ‘ಶ’ವನ್ನು ಕಾಪಾಡಿಕೊಂಡಿತು. ಸೆರ್ವಾಂತೆಸ್‌ನ ನಾಯಕನನ್ನು ಅಂದಿನ ಓದುಗರು ‘ಕಿಶೋತೆ’ ಎಂದೇ ಕರೆದಿರಬೇಕು. ಫ್ರೆಂಚರು ಇಂದಿಗೂ ‘ಕಿಶೋತ್’ ಅನ್ನುವುದು ಆ ಹಳೆಯ ಉಚ್ಚಾರದ ಪಳೆಯುಳಿಕೆ.

---

‘ಞ’ ಎಂಬ ಬಾವುಟ

ಲ್ಯಾಟಿನ್‌ನ ‘ಆನ್ನುಸ್’ ಎಂದರೆ ವರ್ಷ. ಚರ್ಮಪತ್ರದಲ್ಲಿ ಜಾಗ ಉಳಿಸಲು ಬರೆಯುವವರು ಎರಡು ‘ನ್’ಗಳ ಬದಲು ಒಂದೇ ‘ನ್’ ಬರೆದು ಮೇಲೊಂದು ಗೀಟು ಹಾಕಿದರು. ಉಚ್ಚಾರವು ‘ಆಞೊ’ ಎಂದು ಬದಲಾದಾಗ ಆ ಗೀಟೇ ಸ್ವತಂತ್ರ ಅಕ್ಷರವಾಯಿತು. ಹಿಸ್ಪಾನಿಯಾದ ‘ನಿಯಾ’ ಸವೆದು ‘ಎಸ್ಪಾಞಾ’ ಆದಾಗಲೂ ಅದೇ ಅಕ್ಷರ ಬಳಕೆಗೆ ಬಂತು. ಸ್ಪ್ಯಾನಿಷರು ಗುರುತಿನ ಬಾವುಟದಂತೆ ಮೆರೆಸುವ ಈ ಧ್ವನಿಗೆ ಕನ್ನಡ ವರ್ಣಮಾಲೆಯಲ್ಲಿ ಅಕ್ಷರ ಮೊದಲಿನಿಂದಲೂ ಇದೆ, ಕೆಲಸ ಮಾತ್ರ ಕಡಿಮೆ.

---

ಅರ್ಥವಾಗದ ಓದು

ಕಡಲಾಚೆಯ ಮೊದಲ ಮುಖಾಮುಖಿಯಲ್ಲಿ ಭಾಷೆ ಸೋತಿತು. ಕೊಲಂಬಸ್ ತನ್ನೊಡನೆ ಹೀಬ್ರೂ ಮತ್ತು ಅಷ್ಟಿಷ್ಟು ಅರಬ್ಬಿ ಬಲ್ಲ ದುಭಾಷಿಯೊಬ್ಬನನ್ನು ಕರೆದೊಯ್ದಿದ್ದ, ಹೋಗುತ್ತಿರುವುದು ಏಷ್ಯಾಕ್ಕೆ ಎಂದು ನಂಬಿದ್ದರಿಂದ. ಕೆರಿಬಿಯನ್ನಿನ ಟೈನೊ ಜನರ ಮುಂದೆ ಅವನ ವಿದ್ಯೆ ನಡೆಯಲಿಲ್ಲ. ಹೆಸರೇ ಇಲ್ಲದ ವಸ್ತುಗಳನ್ನು ಕಂಡಾಗ ಟೈನೊ ಹೆಸರನ್ನೇ ಎತ್ತಿಕೊಳ್ಳುವುದು ಅನಿವಾರ್ಯವಾಯಿತು: ದೋಣಿಗೆ ‘ಕನೋವಾ’, ತೂಗುಮಂಚಕ್ಕೆ ‘ಅಮಾಕಾ’, ಚಂಡಮಾರುತಕ್ಕೆ ‘ಉರಕಾನ್’, ಮೆಕ್ಕೆಜೋಳಕ್ಕೆ ‘ಮಯೀಸ್’. ಕೆಲವೇ ವರ್ಷಗಳಲ್ಲಿ ನೆಬ್ರಿಹಾ ತನ್ನ ನಿಘಂಟಿಗೆ ‘ಕನೋವಾ’ವನ್ನು ಸೇರಿಸಿದ. ಪದ ಉಳಿಯಿತು, ಕಾಯಿಲೆ, ಬಿಟ್ಟಿ ದುಡಿಮೆ, ಹಿಂಸೆಗಳಿಗೆ ತುತ್ತಾಗಿ ಅದನ್ನು ಕೊಟ್ಟವರ ಭಾಷೆ ಅಳಿದುಹೋಯಿತು.

1513ರಲ್ಲಿ ಸ್ಪೇನಿನ ಅರಮನೆಯ ಕಾನೂನು ಪಂಡಿತರು ‘ರೆಕೆರಿಮಿಯೆಂತೊ’ ಎಂಬ ಪತ್ರವೊಂದನ್ನು ಸಿದ್ಧಪಡಿಸಿದರು. ಪೋಪ್ ಈ ನೆಲವನ್ನು ಸ್ಪೇನಿನ ದೊರೆಗೆ ಕೊಟ್ಟಿದ್ದಾನೆ, ಒಪ್ಪಿ ಶರಣಾಗಿ, ಇಲ್ಲವಾದರೆ ಮುಂದಿನ ಸಾವುನೋವಿಗೆ ನೀವೇ ಹೊಣೆ ಎಂಬುದು ಅದರ ಸಾರಾಂಶ. ದಾಳಿಗೆ ಮುಂಚೆ ಅದನ್ನು ಸ್ಥಳೀಯರ ಎದುರು ಗಟ್ಟಿಯಾಗಿ ಓದಬೇಕೆಂಬ ನಿಯಮವಿತ್ತು, ಅವರಿಗೆ ಅರ್ಥವಾಗಬೇಕೆಂಬ ನಿಯಮ ಪಾಲನೆಯಾಗಲಿಲ್ಲ; ಖಾಲಿ ಗುಡಿಸಲುಗಳಿಗೆ ಓದಿ ಹೇಳಿದ್ದೂ ಉಂಟು. ಅರ್ಥವಾಗದ ಭಾಷೆಯಲ್ಲಿ ಕೊಟ್ಟ ನೋಟಿಸು ಕಾನೂನಿನ ಕಣ್ಣಿನಲ್ಲಿ ನೋಟಿಸೇ ಆಗಿತ್ತು.

ಅರ್ಥವಾಗಲೇಬೇಕಾದಾಗ ಬೇರೆ ದಾರಿ ಹುಡುಕಿದರು. 1519ರಲ್ಲಿ ಮೆಕ್ಸಿಕೊಗೆ ಬಂದ ಎರ್ನಾನ್ ಕೊರ್ತೆಸ್‌ಗೆ, ಹಿಂದೆ ಹಡಗು ಒಡೆದು ಮಾಯಾ ಜನರ ನಡುವೆ ವರ್ಷಗಟ್ಟಲೆ ಸೆರೆಯಿದ್ದ ಹೆರೋನಿಮೊ ದೆ ಅಗಿಲಾರ್ ಎಂಬವನೂ, ಕಾಣಿಕೆಯಾಗಿ ಒಪ್ಪಿಸಲಾದ ಹೆಣ್ಣಾಳುಗಳಲ್ಲಿ ಒಬ್ಬಳಾದ ಮಲಿಂತ್ಸಿನ್ ಎಂಬವಳೂ ಸಿಕ್ಕಿದರು. ಕೊರ್ತೆಸ್‌ನ ಸ್ಪ್ಯಾನಿಷನ್ನು ಅಗಿಲಾರ್ ಮಾಯಾ ಭಾಷೆಗೆ, ಅದನ್ನು ಮಲಿಂತ್ಸಿನ್ ಆಸ್ಟೆಕ್ ಜನರ ನವಾತ್ಲ್ ಭಾಷೆಗೆ ತಿರುಗಿಸುತ್ತಿದ್ದಳು. ಉತ್ತರ ಅದೇ ಮೆಟ್ಟಿಲುಗಳನ್ನು ಇಳಿದು ಬರುತ್ತಿತ್ತು. ಸ್ಪ್ಯಾನಿಷನ್ನು ಬೇಗನೆ ಕಲಿತು ಮಧ್ಯದ ಮೆಟ್ಟಿಲನ್ನು ತೆಗೆದುಹಾಕಿದ ಅವಳನ್ನು ಮೆಕ್ಸಿಕೊ ಇಂದಿಗೂ ದ್ರೋಹಿ ಎನ್ನಬೇಕೋ ತಾಯಿ ಎನ್ನಬೇಕೋ ತೀರ್ಮಾನಿಸಿಲ್ಲ. ಆಸ್ಟೆಕ್ ರಾಜಧಾನಿ 1521ರ ಆಗಸ್ಟ್ 13ರಂದು ಬಿದ್ದಾಗ, ಹಿಂದಿನ ವರ್ಷ ಹಬ್ಬಿದ್ದ ಸಿಡುಬು ಕತ್ತಿಗಿಂತ ಹೆಚ್ಚು ಕೆಲಸ ಮಾಡಿ ಮುಗಿಸಿತ್ತು.

ಆಮೇಲೆ ನಡೆದದ್ದು ನೆಬ್ರಿಹಾನ ಲೆಕ್ಕಾಚಾರಕ್ಕೆ ವಿರುದ್ಧವಾದುದು. ಮತಪ್ರಚಾರಕ್ಕೆ ಬಂದ ಪಾದ್ರಿಗಳು, ಲಕ್ಷಾಂತರ ಜನರಿಗೆ ಸ್ಪ್ಯಾನಿಷ್ ಕಲಿಸುವುದಕ್ಕಿಂತ ತಾವೇ ಅವರ ಭಾಷೆ ಕಲಿಯುವುದು ಸುಲಭವೆಂದು ಕಂಡುಕೊಂಡರು. ಆಂದ್ರೆಸ್ ದೆ ಒಲ್ಮೋಸ್ 1547ರಲ್ಲಿ ನವಾತ್ಲ್ ವ್ಯಾಕರಣ ಬರೆದು ಮುಗಿಸಿದಾಗ ಇಂಗ್ಲಿಷಿಗೇ ಇನ್ನೂ ಮುದ್ರಿತ ವ್ಯಾಕರಣ ಇರಲಿಲ್ಲ. ಇಂಕಾ ಸೀಮೆಯ ಕೆಚುವಾ ಭಾಷೆಯ ವ್ಯಾಕರಣ 1560ರಲ್ಲಿ ಅಚ್ಚಾಯಿತು. ಇವೆಲ್ಲಕ್ಕೂ ಮೇಲ್ಪಂಕ್ತಿಯಾದದ್ದು ನೆಬ್ರಿಹಾನ ಲ್ಯಾಟಿನ್ ವ್ಯಾಕರಣ. ದಕ್ಷಿಣ ಅಮೆರಿಕದಲ್ಲಿ ಅಚ್ಚಾದ ಮೊದಲ ಪುಸ್ತಕವಾದ 1584ರ ಲೀಮಾ ನಗರದ ಧರ್ಮಬೋಧೆಯಲ್ಲಿ ಸ್ಪ್ಯಾನಿಷಿನ ಜತೆ ಕೆಚುವಾ, ಐಮಾರಾ ಭಾಷೆಗಳಿವೆ. ಇಗರ್ಜಿಯ ಬೆಂಬಲದಿಂದಾಗಿ ಕೆಚುವಾ ಇಂಕಾಗಳ ಕಾಲದಲ್ಲಿ ಮುಟ್ಟದ ಕೆಲವು ಊರುಗಳನ್ನೂ ಮುಟ್ಟಿತು.

1596ರಲ್ಲಿ ಸ್ಪ್ಯಾನಿಷನ್ನು ಕಡ್ಡಾಯ ಮಾಡಬೇಕೆಂಬ ಸಲಹೆ ಬಂದಾಗ ದೊರೆ ಎರಡನೆಯ ಫಿಲಿಪ್ ಒಪ್ಪಲಿಲ್ಲ; ಕಲಿಯಲು ಇಚ್ಛಿಸುವವರಿಗೆ ಗುರುಗಳಿರಲಿ, ಬಲವಂತ ಬೇಡವೆಂದ. ಸ್ಥಳೀಯ ಭಾಷೆಗಳು ನಿರ್ನಾಮವಾಗಿ ಸ್ಪ್ಯಾನಿಷ್ ಒಂದೇ ಉಳಿಯಬೇಕೆಂಬ ಆಜ್ಞೆ ಬಂದದ್ದು ಮೂರನೆಯ ಕಾರ್ಲೋಸ್‌ನ ಕಾಲದಲ್ಲಿ, 1770ರಲ್ಲಿ. ಆಗ ಸಾಮ್ರಾಜ್ಯಕ್ಕೆ ಉಳಿದಿದ್ದದ್ದು ಅರ್ಧ ಶತಮಾನದ ಆಯುಷ್ಯ.

ಊರುಗಳಲ್ಲಿ ನೆಲೆಸಿದ ಸ್ಪ್ಯಾನಿಷರ ಮಾತಿಗೆ ಸೆವಿಯಾ ನಗರದ ಛಾಪು ಬಿತ್ತು. ಅಮೆರಿಕಕ್ಕೆ ಹೋಗುವ ಹಡಗುಗಳಿಗೆಲ್ಲ 1503ರಿಂದ ಅಲ್ಲಿನ ಕಚೇರಿಯದೇ ರಹದಾರಿ. ಆರಂಭದ ವಲಸಿಗರಲ್ಲಿ ದಕ್ಷಿಣದ ಆಂದಲೂಸಿಯಾದವರೇ ಹೆಚ್ಚು. ಮ್ಯಾಡ್ರಿಡ್‌ನವರು ನಾಲಿಗೆಯನ್ನು ಹಲ್ಲಿನ ನಡುವೆ ತಂದು ಉಚ್ಚರಿಸುವ ಧ್ವನಿಯನ್ನು ಲ್ಯಾಟಿನ್ ಅಮೆರಿಕದವರೆಲ್ಲ ಸರಳವಾದ ‘ಸ’ ಎನ್ನುವುದಕ್ಕೆ ಆ ಹಡಗುಕಟ್ಟೆಯೇ ಕಾರಣ.

ದಾಸ್ಯ ಕಳೆದ ಮೇಲೆ

1810ರಿಂದ 1825ರ ನಡುವೆ ಅಮೆರಿಕದ ಬಹುಪಾಲು ಸ್ಪೇನಿನ ಹಿಡಿತದಿಂದ ಬಿಡುಗಡೆಯಾದಾಗ, ಮುನ್ನೂರು ವರ್ಷಗಳ ಆಳ್ವಿಕೆಯ ನಂತರವೂ, ಮೆಕ್ಸಿಕೊ ಮತ್ತು ಆಂಡಿಸ್ ಪರ್ವತದ ನಾಡುಗಳಲ್ಲಿ ಮೂಲನಿವಾಸಿ ಭಾಷೆಗಳನ್ನಾಡುವವರೇ ಬಹುಸಂಖ್ಯಾತರಾಗಿದ್ದರು. ಆ ಚಿತ್ರವನ್ನು ತಲೆಕೆಳಗು ಮಾಡಿದವರು ಸ್ವತಂತ್ರ ಗಣರಾಜ್ಯಗಳನ್ನು ಕಟ್ಟಿದವರು. ಅಮೆರಿಕದಲ್ಲೇ ಹುಟ್ಟಿದ ಸ್ಪ್ಯಾನಿಷ್ ಮೂಲದ ಆ ಮುಖಂಡರಿಗೆ ‘ಒಂದು ದೇಶ, ಒಂದು ಕಾನೂನು, ಒಂದು ಭಾಷೆ’ ಎಂಬ ಹೊಸ ರಾಷ್ಟ್ರದ ಕಲ್ಪನೆಗೆ ಬೇರೆ ಭಾಷೆ ಹೊಳೆಯಲೇ ಇಲ್ಲ. ಪೌರನಾಗಬೇಕಾದರೆ, ಸೈನ್ಯ ಸೇರಬೇಕಾದರೆ, ಜಮೀನಿನ ಪತ್ರ ಓದಬೇಕಾದರೆ ಸ್ಪ್ಯಾನಿಷ್ ಬೇಕಾಯಿತು. ಪಾದ್ರಿಗೆ ಕೆಚುವಾ ಬರುತ್ತಿತ್ತು, ಸರ್ಕಾರಿ ಮೇಷ್ಟರಿಗೆ ಬರುತ್ತಿರಲಿಲ್ಲ.

ಕರಾಕಸ್‌ನಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಆಂದ್ರೆಸ್ ಬೆಯೊ 1847ರಲ್ಲಿ ಅಮೆರಿಕನ್ನರ ಉಪಯೋಗಕ್ಕೆಂದೇ ಕಸ್ತೆಯಾನೊ ವ್ಯಾಕರಣ ಬರೆದ. ರೋಮ್ ಬಿದ್ದ ಮೇಲೆ ಲ್ಯಾಟಿನ್ ಒಡೆದು ಹಲವಾದಂತೆ ಸ್ಪ್ಯಾನಿಷೂ ದೇಶಕ್ಕೊಂದಾಗಿ ಒಡೆದೀತೆಂಬ ಭಯ ಅವನ ಮುನ್ನುಡಿಯಲ್ಲಿ ಸ್ಪಷ್ಟವಾಗಿದೆ. ಅವನ ವ್ಯಾಕರಣಕ್ಕೆ ಬಲ ಕೊಟ್ಟದ್ದು ಶಾಲೆ: ಅರ್ಜೆಂಟೀನಾ 1884ರಲ್ಲಿ ಉಚಿತ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ತಂದು ಇಟಲಿಯಿಂದ ಬಂದಿಳಿಯುತ್ತಿದ್ದವರ ಮಕ್ಕಳನ್ನು ಸ್ಪ್ಯಾನಿಷಿಗೆ ತಿರುಗಿಸಿತು, ಕ್ರಾಂತಿಯ ನಂತರದ ಮೆಕ್ಸಿಕೊ 1921ರಲ್ಲಿ ಶಿಕ್ಷಣ ಇಲಾಖೆ ಸ್ಥಾಪಿಸಿ ಹಳ್ಳಿಹಳ್ಳಿಗೆ ಮೇಷ್ಟರನ್ನು ಕಳಿಸಿತು. ಅದೇ ಮೆಕ್ಸಿಕೊದ 2020ರ ಜನಗಣತಿಯಲ್ಲಿ ಮೂಲನಿವಾಸಿ ಭಾಷೆಯನ್ನಾಡುವವರು ನೂರಕ್ಕೆ ಸುಮಾರು ಆರು ಮಂದಿ. ಸ್ಪ್ಯಾನಿಷ್ ಭಾಷಿಕರು ಅತಿ ಹೆಚ್ಚಿರುವ ದೇಶ ಇಂದು ಸ್ಪೇನ್ ಅಲ್ಲ, ಮೆಕ್ಸಿಕೊ.

ಗಣರಾಜ್ಯಗಳು ಮಾಡಿದ ಈ ಕೆಲಸ ಎಷ್ಟು ನಿರ್ಣಾಯಕವೆಂಬುದು ಫಿಲಿಪ್ಪೀನ್ಸನ್ನು ನೋಡಿದಾಗ ತಿಳಿಯುತ್ತದೆ. ಅಲ್ಲಿಯೂ ಸ್ಪೇನ್ 1565ರಿಂದ 1898ರವರೆಗೆ ಇತ್ತು, ಅಲ್ಲಿಯೂ ಪಾದ್ರಿಗಳು ಸ್ಥಳೀಯ ಭಾಷೆಗಳನ್ನೇ ಕಲಿತರು. ಸ್ಪೇನಿನಿಂದ ನೆಲೆಸಲು ಬಂದವರು ಬಹಳ ಕಡಿಮೆ. ರಾಷ್ಟ್ರನಾಯಕ ಹೋಸೆ ರಿಸಾಲ್ ತನ್ನ ಕಾದಂಬರಿಗಳನ್ನು ಬರೆದದ್ದು ಸ್ಪ್ಯಾನಿಷಿನಲ್ಲಿ, ಆದರೆ ಸ್ಪೇನ್ ಹೋದ ಕೂಡಲೇ ಬಂದ ಅಮೆರಿಕದ ಆಳ್ವಿಕೆ ಶಾಲೆಗಳಿಗೆ ಇಂಗ್ಲಿಷ್ ತಂದಿತು. 1987ರ ಸಂವಿಧಾನದಲ್ಲಿ ಸ್ಪ್ಯಾನಿಷಿಗೆ ಅಧಿಕೃತ ಸ್ಥಾನ ತಪ್ಪಿತು. ಸಾಂಬೊಆಂಗಾ ಊರಿನ ಚವಕಾನೊ ಎಂಬ ಮಿಶ್ರನುಡಿಯಲ್ಲೂ ಟಗಾಲೊಗ್‌ನ ಸಾವಿರಾರು ಎರವಲು ಪದಗಳಲ್ಲೂ ಈಗ ಅದರ ನೆನಪಿದೆ.

---

ಹುಬ್ಬಳ್ಳಿಯ ಚಾವಿ

ಲ್ಯಾಟಿನ್‌ನಲ್ಲಿ ಕೀಲಿಕೈಗೆ ‘ಕ್ಲಾವಿಸ್’. ಪದದ ಮೊದಲಿನ ‘ಕ್ಲ’ ಸ್ಪ್ಯಾನಿಷಿನಲ್ಲಿ ‘ಯ’ಕ್ಕೆ ಹತ್ತಿರವಾಗಿ ‘ಯಾವೆ’ ಆಯಿತು, ಪೋರ್ಚುಗೀಸಿನಲ್ಲಿ ‘ಚಾವೆ’ ಆಯಿತು. ಗೋವೆಯ ಮೂಲಕ ಈ ಎರಡನೆಯದು ಉತ್ತರ ಕರ್ನಾಟಕದ ಮನೆಗಳಿಗೆ ಚಾವಿಯಾಗಿ ಬಂತು.

ಕರಾವಳಿಯ ಇಗರ್ಜಿ, ಪಾದ್ರಿ; ಮುಂಬಯಿಯಿಂದ ಬಂದ ಪಾವ್ ಇವೂ ಪೋರ್ಚುಗೀಸ್ ದಾರಿಯ ಲ್ಯಾಟಿನ್ ಪದಗಳೇ. ಆಲೂಗಡ್ಡೆಗೆ ಹೇಳುವ ‘ಬಟಾಟೆ’ಯ ಬೇರು ಮಾತ್ರ ಲ್ಯಾಟಿನ್ ಅಲ್ಲ, ಅದು ಕೊಲಂಬಸ್ ಕಂಡ ಟೈನೊ ಜನರ ಗೆಣಸಿನ ಹೆಸರು.

---

ಸ್ಪ್ಯಾನಿಷನ್ನು ಒಪ್ಪಿಕೊಂಡೂ ಹಳೆಯದನ್ನು ಬಿಡದ ಒಂದು ದೇಶವೂ ಇದೆ. ಪರಾಗ್ವೆಗೆ ಬಂದ ಸ್ಪ್ಯಾನಿಷರು ಕೆಲವರೇ ಆಗಿದ್ದು, ಗ್ವಾರನಿ ಹೆಂಗಸರೊಡನೆ ಸಂಸಾರ ಹೂಡಿದುದರಿಂದ ಮನೆಯ ಮಾತು ತಾಯಂದಿರದೇ ಆಯಿತು. ಅಲ್ಲಿ ನೆಲೆಯೂರಿದ ಜೆಸ್ಯೂಟ್ ಪಾದ್ರಿಗಳು ಗ್ವಾರನಿಗೆ ನಿಘಂಟು, ವ್ಯಾಕರಣ ಬರೆದು ಅಚ್ಚುಹಾಕಿಸಿದರು. ಇಂದು ಮೂಲನಿವಾಸಿಗಳಲ್ಲದವರೂ ಬಹುಸಂಖ್ಯೆಯಲ್ಲಿ ಆಡುವ ಆ ಭಾಷೆ 1992ರ ಸಂವಿಧಾನದ ಪ್ರಕಾರ ಸ್ಪ್ಯಾನಿಷಿಗೆ ಸಮಾನವಾದ ಅಧಿಕೃತ ಭಾಷೆ.

ಪೇಟೆಯಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿ ಆಡುವ ಮಾತಿಗೆ ಅಲ್ಲಿನವರು ‘ಜೊಪರಾ’ ಎನ್ನುತ್ತಾರೆ. ಗ್ವಾರನಿಯಲ್ಲಿ ಬೆರಕೆ ಎಂದು ಅದರ ಅರ್ಥ. ಶುದ್ಧ ಸ್ಪ್ಯಾನಿಷಿನ ಮೇಷ್ಟರಿಗೂ ಶುದ್ಧ ಗ್ವಾರನಿಯ ಮೇಷ್ಟರಿಗೂ ಅದು ಸಮಾನವಾಗಿ ಇಷ್ಟವಿಲ್ಲ. ಪ್ರತಿ ಅಕ್ಟೋಬರ್ 1ರಂದು, ಬಡತನವನ್ನು ಹೊಸ್ತಿಲಲ್ಲೇ ತಡೆಯಲೆಂದು ಕಾಳು, ಮೆಕ್ಕೆಜೋಳ, ಮಾಂಸ, ಕೈಗೆ ಸಿಕ್ಕಿದ್ದೆಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಬೇಯಿಸುವ ಅಡುಗೆಗೂ ಪರಾಗ್ವೆಯಲ್ಲಿ ಅದೇ ಹೆಸರು.